ರೋಮಿನಲ್ಲಿ ಪಾಸ್ಕ, ಶಿವಮೊಗ್ಗದಲ್ಲಿ ಸೂತಕ

"ನಿಮ್ಮ ಧರ್ಮದಲ್ಲಿ ಎಲ್ಲರನ್ನೂ ಕ್ಷಮಿಸಬೇಕು ಎನ್ನುತ್ತಾರಲ್ಲ, ಇವರನ್ನೂ ಕ್ಷಮಿಸಿಬಿಡುತ್ತೀಯಾ?"

ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದ ಗೆಳತಿ 2025ರ ಏಪ್ರಿಲ್ 23ರ ಬುಧವಾರ ಬೆಳಿಗ್ಗೆ ಈ ಪ್ರಶ್ನೆ ಕಳುಹಿಸಿದಳು. ಹಿಂದಿನ ದಿನ ಕಾಶ್ಮೀರದ ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಟ್ಟು ಕೊಂದಿದ್ದರು. ಹೆಂಡತಿ ಮಗನೊಡನೆ ಪ್ರವಾಸ ಹೋಗಿದ್ದ ನಮ್ಮೂರಿನವರೊಬ್ಬರು ಅವರಲ್ಲಿದ್ದರು. ಗೆಳತಿ ಕೆಣಕಲು ಕೇಳಿದ್ದಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕ್ರಿಸ್‌ಮಸ್ ಕಜ್ಜಾಯದಲ್ಲಿ ಪಾಲು ಪಡೆದವಳು, ದೀಪಾವಳಿಯ ಬೆಳಗಿನ ಎಣ್ಣೆಸ್ನಾನಕ್ಕೆ ನನ್ನನ್ನೂ ತನ್ನ ಮನೆಗೆ ಎಳೆದುಕೊಂಡು ಹೋದವಳು ಅವಳು. ಅತ್ತು ಅತ್ತು ಸಿಟ್ಟಿಗೆದ್ದು ಕೇಳಿದ್ದಳು. ಹಾಗಾಗಿ ತಕ್ಷಣ ಏನೋ ಒಂದು ಉತ್ತರ ಬರೆದು ಮುಗಿಸಲು ನನ್ನಿಂದ ಆಗಲಿಲ್ಲ.

ನಾನಿರುವುದು ರೋಮಿನಲ್ಲಿ. ತೊಂಬತ್ತು ದಾಟಿದ ಅಜ್ಜಿಯೊಬ್ಬರ ಮನೆಯಲ್ಲೇ ಉಳಿದು ಅವರನ್ನು ನೋಡಿಕೊಳ್ಳುತ್ತೇನೆ. ಈ ಕೆಲಸ ಮಾಡುವವರನ್ನು ಇಲ್ಲಿ ಬದಾಂತೆ ಎಂದು ಕರೆಯುತ್ತಾರೆ. ಗುರುವಾರ ಮಧ್ಯಾಹ್ನದ ನಂತರ ಮತ್ತು ಭಾನುವಾರ ನಮಗೆ ಬಿಡುವು. ಫಿಲಿಪ್ಪೀನ್ಸ್, ಪೆರು, ಉಕ್ರೇನ್, ಶ್ರೀಲಂಕಾ, ನಮ್ಮ ಕೇರಳ, ಹೀಗೆ ಎಲ್ಲೆಲ್ಲಿಂದಲೋ ಬಂದ ಹೆಂಗಸರು ಗುರುವಾರದ ಮಧ್ಯಾಹ್ನ ಇಲ್ಲಿನ ಉದ್ಯಾನಗಳ ಬೆಂಚುಗಳಲ್ಲಿ ಕುಳಿತು ಊರಿಗೆ ಫೋನ್ ಮಾಡುತ್ತಿರುತ್ತಾರೆ. ಲೋಕದ ಯಾವ ಮೂಲೆಯಲ್ಲಿ ಏನು ನಡೆದರೂ ಆ ಬೆಂಚುಗಳಲ್ಲಿ ಯಾರೋ ಒಬ್ಬರು ಅಳುತ್ತಿರುತ್ತಾರೆ.

ಆ ವರ್ಷ ಕಥೋಲಿಕರಾದ ನಮ್ಮ ಪಾಸ್ಕವೂ (ಈಸ್ಟರ್, ಯೇಸು ಸಾವಿನಿಂದ ಎದ್ದುಬಂದ ಹಬ್ಬ) ಆರ್ಥಡಾಕ್ಸ್ ಕ್ರೈಸ್ತರ ಪಾಸ್ಕವೂ ಒಂದೇ ದಿನ ಬಂದಿದ್ದವು, ಏಪ್ರಿಲ್ 20ರಂದು. ಪೋಪ್ ಫ್ರಾನ್ಸಿಸ್ ಎರಡೂ ಶ್ವಾಸಕೋಶಗಳ ನ್ಯುಮೋನಿಯಾದಿಂದ ಐದು ವಾರಕ್ಕೂ ಹೆಚ್ಚು ಕಾಲ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದು, ಮಾರ್ಚ್ 23ರಂದು ಮನೆಗೆ ಮರಳಿದ್ದರು. ಭಾನುವಾರ ಅವರು ವ್ಯಾಟಿಕನ್ನಿನ ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಗೆ ಬಂದು ಕಷ್ಟಪಟ್ಟು ಹಬ್ಬದ ಶುಭಾಶಯ ಹೇಳಿದರು. ಸಂದೇಶವನ್ನು ಬೇರೆಯವರು ಓದಿದರು. ಲೋಕದಲ್ಲಿ ದಿನದಿನವೂ ಕಾಣುತ್ತಿರುವ ಕೊಲ್ಲುವ ದಾಹದ ಬಗ್ಗೆ ಅದರಲ್ಲಿ ಬರೆದಿದ್ದರು. ಆಮೇಲೆ ತೆರೆದ ವಾಹನದಲ್ಲಿ ಜನರ ನಡುವೆ ಒಂದು ಸುತ್ತು ಬಂದರು. ಅಜ್ಜಿಯ ಜೊತೆ ಕುಳಿತು ಇದನ್ನೆಲ್ಲ ಟಿವಿಯಲ್ಲಿ ನೋಡಿದೆ.

ಪಾಸ್ಕದ ಮರುದಿನ ಇಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗುವ ರಜಾದಿನ. ಅಜ್ಜಿಯ ಮಗ ಬರುವವರಿದ್ದರು. ಹತ್ತು ಗಂಟೆಗೆ ಮೊದಲೇ ಟಿವಿಯಲ್ಲಿ ವ್ಯಾಟಿಕನ್ನಿನ ಹಿರಿಯ ಧರ್ಮಗುರು ಕಾರ್ಡಿನಲ್ ಕೆವಿನ್ ಫ್ಯಾರೆಲ್ ಕಾಣಿಸಿಕೊಂಡು, ಬೆಳಿಗ್ಗೆ 7.35ಕ್ಕೆ ರೋಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ತಂದೆಯ ಮನೆಗೆ ಮರಳಿದರು, ಅಂದರೆ ತೀರಿಕೊಂಡರು, ಎಂದರು. ಎಂಟು ಪೋಪ್‌ಗಳ ಕಾಲವನ್ನು ಕಂಡ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೆ ನಮಗೆಲ್ಲ ಹೇಳಿಯೇ ಹೋದರಲ್ಲ" ಎಂದರು. 88 ವರ್ಷದ ಮುದುಕರೊಬ್ಬರು ಹಬ್ಬ ಮುಗಿಸಿ, ಜನರಿಗೆ ಕೈಬೀಸಿ ಹೊರಟಿದ್ದರು. ದುಃಖವಾಯಿತು. ಆದರೆ ಆ ದುಃಖದಲ್ಲಿ ಕೃತಜ್ಞತೆಯೂ ಇತ್ತು.

ನನ್ನ ಮಟ್ಟಿಗೆ ಫ್ರಾನ್ಸಿಸರ ದೊಡ್ಡತನ ಒಂದು ಫೋನ್ ಕರೆಯಲ್ಲಿತ್ತು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದಂದಿನಿಂದ, ಅಲ್ಲಿ ಪವಿತ್ರ ಕುಟುಂಬದ ಚರ್ಚಿನಲ್ಲಿ ಆಶ್ರಯ ಪಡೆದವರಿಗೆ ಅವರು ಹೆಚ್ಚುಕಡಿಮೆ ಪ್ರತಿ ಸಂಜೆಯೂ ಫೋನ್ ಮಾಡುತ್ತಿದ್ದರು. ಏನು ಊಟ ಮಾಡಿದಿರಿ, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಿಂದಲೂ ಮಾಡಿದರು. ಕೊನೆಯ ಕರೆ ಪಾಸ್ಕದ ಹಿಂದಿನ ಸಂಜೆ ಹೋಯಿತು. ಯುದ್ಧ ನಿಲ್ಲಿಸುವ ಶಕ್ತಿ ಅವರಿಗೆ ಇರಲಿಲ್ಲ. ಆದರೂ ದಿನವೂ ವಿಚಾರಿಸುವವರೊಬ್ಬರು ಇದ್ದಾರೆ ಎಂಬುದು ಎಂತಹ ಆಸರೆ ಎನ್ನುವುದನ್ನು ದೂರದೇಶದಲ್ಲಿ ದುಡಿಯುವ ಯಾರನ್ನಾದರೂ ಕೇಳಿ.

ಪಾಸ್ಕದಿಂದ ಮುಂದಿನ ಭಾನುವಾರದವರೆಗಿನ ಎಂಟು ದಿನಗಳನ್ನು ನಮ್ಮ ಕಥೋಲಿಕ ಧರ್ಮಸಭೆ ಒಂದೇ ಹಬ್ಬವಾಗಿ ಆಚರಿಸುತ್ತದೆ. ದಿನವೂ ಬಿಳಿಯ ಪೂಜಾವಸ್ತ್ರ, ದಿನವೂ ಅಲ್ಲೆಲೂಯ. ದಿನವೂ ಓದುವ ಶುಭಸಂದೇಶದ (ಯೇಸುವಿನ ಬದುಕನ್ನು ಹೇಳುವ ಬೈಬಲ್ ಗ್ರಂಥಗಳ) ಭಾಗಗಳು ವರ್ಷ ವರ್ಷವೂ ಅವೇ. ಮಂಗಳವಾರದ ಓದು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳದು. ಯೇಸುವಿನ ಸಮಾಧಿಯ ಹೊರಗೆ ನಿಂತು ಅಳುತ್ತಿರುವವಳನ್ನು, ಏಕಮ್ಮಾ ಅಳುತ್ತಿದ್ದೀಯೆ ಎಂದು ಮೊದಲು ದೂತರು, ಆಮೇಲೆ ಯೇಸುಸ್ವಾಮಿ ಕೇಳುತ್ತಾರೆ. ಬೆಳಿಗ್ಗೆ ಅಜ್ಜಿಗೆ ಅದನ್ನು ಓದಿ ಹೇಳಿದ್ದೆ. ಮಧ್ಯಾಹ್ನದ ಹೊತ್ತಿಗೆ ಪಹಲ್ಗಾಮಿನ ಸುದ್ದಿ ಬರತೊಡಗಿತು. ಹುಲ್ಲಿನ ಮೇಲೆ ಗಂಡನ ಶವದ ಪಕ್ಕದಲ್ಲಿ ಕುಳಿತ ಹೆಣ್ಣುಮಗಳ ಚಿತ್ರವನ್ನು ನೀವೂ ನೋಡಿದ್ದೀರಿ. ಏಕೆ ಅಳುತ್ತಿದ್ದೀಯೆ ಎಂದು ಅವಳನ್ನು ಕೇಳುವ ಧೈರ್ಯ ಯಾರಿಗಿದೆ? ನಮ್ಮ ದೇಶದ ಧ್ವಜ ಅಂದು ಮೊದಲೇ ಅರ್ಧಕ್ಕೆ ಇಳಿದಿತ್ತು, ಪೋಪ್ ಅವರ ಗೌರವಾರ್ಥ ಸರ್ಕಾರ ಘೋಷಿಸಿದ ಶೋಕಾಚರಣೆಗಾಗಿ. ಆ ಧ್ವಜದ ಕೆಳಗೆ ಇನ್ನೊಂದು ಸೂತಕ ಬಂದು ಸೇರಿತು.

ಧರ್ಮ ಕೇಳಿ ಕೊಂದರು ಎಂದು ಬದುಕುಳಿದವರು ಹೇಳಿದರು. ಸತ್ತವರಲ್ಲಿ ಹೆಚ್ಚಿನವರು ಹಿಂದೂಗಳು. ಇಂದೋರಿನ ಕ್ರೈಸ್ತರೊಬ್ಬರಿದ್ದರು. ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೊಬ್ಬನೂ ಇದ್ದ. ಕೊಲೆಗಾರರನ್ನು ತಡೆಯಲು ಹೋಗಿ ಅವನು ಪ್ರಾಣ ಬಿಟ್ಟ ಎಂದು ಪತ್ರಿಕೆಗಳಲ್ಲಿ ಬಂತು. ನನಗೆ ಬಂದ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅವನ ಸುದ್ದಿ ಇರಲೇ ಇಲ್ಲ. ಇದು ನನ್ನನ್ನು ತುಂಬ ನೋಯಿಸಿತು.

ಗುರುವಾರ ಮಧ್ಯಾಹ್ನ ಫ್ರಾನ್ಸಿಸರ ಅಂತಿಮ ದರ್ಶನಕ್ಕೆ ಹೊರಟೆ. ಜೊತೆಗೆ ಶ್ರೀಲಂಕಾದ ನೆಗೊಂಬೊ ಊರಿನವರೊಬ್ಬರು ಇದ್ದರು, ನಾನು ಅಕ್ಕ ಎಂದು ಕರೆಯುವವರು. ರೋಮಿನಲ್ಲಿರುವ ಶ್ರೀಲಂಕಾದ ಕಥೋಲಿಕರಲ್ಲಿ ಬಹಳಷ್ಟು ಜನ ಆ ಕರಾವಳಿಯವರೇ. ಫ್ರಾನ್ಸಿಸ್ ತೀರಿಕೊಂಡ ಏಪ್ರಿಲ್ 21 ಅವರ ಮನೆಯಲ್ಲಿ ಆರು ವರ್ಷದಿಂದಲೂ ಸೂತಕದ ದಿನ. 2019ರ ಆ ದಿನ ಪಾಸ್ಕದ ಬೆಳಿಗ್ಗೆ ಶ್ರೀಲಂಕಾದ ಮೂರು ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ನೆಗೊಂಬೊದ ಕಟುವಾಪಿಟಿಯದಲ್ಲಿರುವ ಸಂತ ಸೆಬಾಸ್ಟಿಯನ್ನರ ಚರ್ಚೊಂದರಲ್ಲೇ ನೂರಕ್ಕೂ ಹೆಚ್ಚು. ಅಕ್ಕನ ಚಿಕ್ಕಮ್ಮನ ಮಗಳು ಅಲ್ಲಿ ಪೂಜೆಗೆ ಹೋಗಿದ್ದವಳು ಮನೆಗೆ ಬರಲಿಲ್ಲ.

ಸರದಿ ಸಂತ ಪೇತ್ರರ ಚೌಕವನ್ನು ದಾಟಿ ವಿಯಾ ದೆಲ್ಲಾ ಕೊಂಚಿಲಿಯಾತ್ಸಿಯೋನೆ ರಸ್ತೆಯ ಉದ್ದಕ್ಕೂ ಬೆಳೆದಿತ್ತು. ಬುಧವಾರದಿಂದ ಶುಕ್ರವಾರದವರೆಗೆ ಸುಮಾರು ಎರಡೂವರೆ ಲಕ್ಷ ಜನ ಬಂದರಂತೆ. ಮೊದಲ ರಾತ್ರಿಯಂತೂ ಬಾಗಿಲು ಬೆಳಗಿನ ಜಾವ ಕೊಂಚ ಹೊತ್ತು ಮಾತ್ರ ಮುಚ್ಚಿತ್ತು. ಸರದಿಯಲ್ಲಿ ನಿಂತಿದ್ದಾಗಲೇ ಶಿವಮೊಗ್ಗದಿಂದ ಅಮ್ಮನ ಫೋನ್ ಬಂತು. "ಅವರನ್ನು ಊರಿಗೆ ತಂದರು ಮಗಳೇ, ಎಲ್ಲ ಮುಗಿಯಿತು. ಜನ ಎಂದರೆ ಜನ. ಆ ಹುಡುಗನ ಮುಖ ನೋಡಲಾಗಲಿಲ್ಲ" ಎಂದರು. ಪವಿತ್ರ ಹೃದಯ ಪ್ರಧಾನಾಲಯದಿಂದ ಬಂದು, ಟಿವಿ ಆರಿಸಿ, ಜಪಸರ ಹಿಡಿದು ಕುಳಿತಿದ್ದರಂತೆ. ನಾನು ಕನ್ನಡದಲ್ಲಿ ಅಳುತ್ತ ಮಾತನಾಡುವುದನ್ನು ಕಂಡು ಮುಂದೆ ನಿಂತಿದ್ದ ಆಫ್ರಿಕಾದ ಸಿಸ್ಟರ್ ಒಬ್ಬರು ಪೋಪ್ ಅವರಿಗಾಗಿ ಎಂದುಕೊಂಡು ನನ್ನ ಭುಜ ತಟ್ಟಿದರು. ಅಕ್ಕ ಅವರಿಗೆ ಇಟಾಲಿಯನ್ನಿನಲ್ಲಿ ವಿಷಯ ತಿಳಿಸಿದರು.

ಗೆಳತಿಯ ಪ್ರಶ್ನೆಯನ್ನು ಆಗ ಅಕ್ಕನ ಮುಂದಿಟ್ಟೆ. ಕೇಳುವ ಹಕ್ಕು ನನಗಿರುವುದು ಅವರ ಬಳಿ ಎನಿಸಿತು. ಅಕ್ಕ ಬಹಳ ಹೊತ್ತು ಯೋಚಿಸಿ ಹೇಳಿದ್ದು ಇಷ್ಟು: ತಂಗಿಯನ್ನು ಕೊಂದವರ ಹಿಂದೆ ಯಾರಿದ್ದರು ಎಂಬುದು ಆರು ವರ್ಷವಾದರೂ ಪೂರ್ತಿ ಹೊರಬಂದಿಲ್ಲ, ಅದು ಗೊತ್ತಾಗಲೇಬೇಕು. ಮುನ್ಸೂಚನೆ ಸಿಕ್ಕಿದ್ದರೂ ದುರಂತ ತಡೆಯದಿದ್ದುದಕ್ಕೆ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಅಲ್ಲಿಯವರೆಗೆ ಬರಲು ಎಷ್ಟು ತಾಯಂದಿರು ಬೀದಿಯಲ್ಲಿ ನಿಂತರೋ. ಆದರೆ ದಾಳಿಯಾದ ಮರು ತಿಂಗಳು ನೆಗೊಂಬೊದಲ್ಲಿ ಮುಸ್ಲಿಮರ ಮನೆ ಅಂಗಡಿಗಳ ಮೇಲೆ ಕಲ್ಲು ಬಿದ್ದಾಗ, ಕೊಲಂಬೊದ ಕಾರ್ಡಿನಲ್ ಮಾಲ್ಕಂ ರಂಜಿತ್ ಶಾಂತರಾಗಿರಿ ಎಂದು ಜನರಿಗೆ ಕರೆಕೊಟ್ಟರು. ಅಕ್ಕನ ಅಮ್ಮ ಪಕ್ಕದ ಮನೆಯ ಮುಸ್ಲಿಂ ಕುಟುಂಬವನ್ನು ಎರಡು ರಾತ್ರಿ ತಮ್ಮ ಒಳಕೋಣೆಯಲ್ಲಿ ಇರಿಸಿಕೊಂಡರು. "ಅಮ್ಮ ಕ್ಷಮಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಅವರಿಗೆ ಅನ್ನ ಬಡಿಸಿದಳು" ಎಂದರು ಅಕ್ಕ.

ಇನ್ನೊಂದನ್ನೂ ಹೇಳಿದರು. ಸೋಮವಾರ ಕೊಲಂಬೊದಲ್ಲಿ ನಡೆದ ಸ್ಮರಣೆಯಲ್ಲಿ, ಅಂದು ಮಡಿದ 167 ಕಥೋಲಿಕರ ಹೆಸರನ್ನು ವ್ಯಾಟಿಕನ್ ವಿಶ್ವಾಸದ ಸಾಕ್ಷಿಗಳ, ಅಂದರೆ ನಂಬಿಕೆಗಾಗಿ ಪ್ರಾಣ ತೆತ್ತವರ, ಪಟ್ಟಿಗೆ ಸೇರಿಸಿದೆ ಎಂದು ಪ್ರಕಟಿಸಿದರಂತೆ. ಅವರ ಚರ್ಚಿನಲ್ಲಿ ಪುನರುತ್ಥಾನರಾದ ಯೇಸುವಿನ ಪ್ರತಿಮೆಯೊಂದಿದೆ. ಸ್ಫೋಟದ ದಿನ ಅದರ ಮೇಲೆಲ್ಲ ರಕ್ತ ಸಿಡಿದಿತ್ತು. ಅದನ್ನು ತೊಳೆಯದೆ ಹಾಗೆಯೇ ಗಾಜಿನೊಳಗೆ ಇಟ್ಟಿದ್ದಾರೆ. ಫೋನಿನಲ್ಲಿ ಚಿತ್ರ ತೋರಿಸಿದರು. ಬಿಳಿಯ ನಿಲುವಂಗಿ, ಎತ್ತಿದ ಕೈ, ಎದೆಯ ಮೇಲೂ ಕೆನ್ನೆಯ ಮೇಲೂ ಕಂದುಗಟ್ಟಿದ ಕಲೆಗಳು. ಗುರುವಾರದ ಶುಭಸಂದೇಶವೂ ಅದೇ: ಎದ್ದುಬಂದ ಯೇಸು ಹೆದರಿದ ಶಿಷ್ಯರಿಗೆ ತಮ್ಮ ಕೈಕಾಲುಗಳನ್ನು ತೋರಿಸುತ್ತಾರೆ, ಮುಟ್ಟಿ ನೋಡಿ ಎನ್ನುತ್ತಾರೆ. ಮರಣವನ್ನು ಗೆದ್ದವರಿಗೆ ಗಾಯಗಳನ್ನು ಅಳಿಸಿಕೊಳ್ಳಲು ಆಗುತ್ತಿರಲಿಲ್ಲವೇ? ಅಳಿಸಿಕೊಳ್ಳಲಿಲ್ಲ. ಎಷ್ಟೋ ಪಾಸ್ಕಗಳಲ್ಲಿ ಕೇಳಿದ ಈ ಮಾತು ಆ ಸರದಿಯಲ್ಲಿ ನನ್ನೊಳಗೆ ಇಳಿಯಿತು.

ನಾವು ಒಳಗೆ ಹೋಗುವಾಗ ಕತ್ತಲಾಗಿತ್ತು. ಶವಪೆಟ್ಟಿಗೆಯನ್ನು ಎತ್ತರದ ಪೀಠದ ಮೇಲೆ ಇಟ್ಟಿರಲಿಲ್ಲ. ಕೆಂಪು ಪೂಜಾವಸ್ತ್ರ, ಬೆರಳುಗಳಿಗೆ ಸುತ್ತಿದ ಜಪಸರ, ಕಾಲಲ್ಲಿ ಅವರು ಯಾವಾಗಲೂ ಹಾಕುತ್ತಿದ್ದ, ತುದಿ ಸವೆದ ಕಪ್ಪು ಬೂಟು. ನಿಲ್ಲಲು ಬಿಡಲಿಲ್ಲ. ಹೋಗುತ್ತಲೇ ಒಂದು ಪರಲೋಕ ಪ್ರಾರ್ಥನೆ ಹೇಳಿಕೊಂಡೆ. ಅದು ಅವರಿಗಾಗಿಯೋ ನಮ್ಮೂರಿನವರಿಗಾಗಿಯೋ ಎಂದು ನಾನು ವಿಂಗಡಿಸಲಿಲ್ಲ.

ಆ ರಾತ್ರಿ ಗೆಳತಿಗೆ ಬರೆದೆ. ಗಂಡನನ್ನು ಕಳೆದುಕೊಂಡವಳ ಪರವಾಗಿ ಕ್ಷಮಿಸಲು ನಾನು ಯಾರು? ರೋಮಿನಲ್ಲಿ ಸುರಕ್ಷಿತವಾಗಿ ಕುಳಿತು ಕ್ಷಮೆಯ ಮಾತನಾಡಿದರೆ ಅದು ಅವಳ ದುಃಖಕ್ಕೆ ಮಾಡುವ ಅವಮಾನ. ಕೊಂದವರು ಸಿಗಬೇಕು, ಅವರಿಗೆ ಶಿಕ್ಷೆಯಾಗಬೇಕು. ಆದರೆ ನನ್ನ ಪಾಲಿಗೆ ಬಂದ ಕೆಲಸ ಒಂದಿದೆ: ಕೊಂದವರ ಲೆಕ್ಕಕ್ಕೆ ಕೊಲ್ಲದವರನ್ನು ಸೇರಿಸದಿರುವುದು. ಬೇರೆ ರಾಜ್ಯಗಳಲ್ಲಿ ಓದುತ್ತಿರುವ ಕಾಶ್ಮೀರಿ ಮಕ್ಕಳನ್ನು ಹೆದರಿಸುತ್ತಿದ್ದಾರೆಂದು ಈ ವಾರವೇ ಕೇಳುತ್ತಿದ್ದೇವೆ. ನಮ್ಮೂರಿನ ಆ ಮನೆಯವರ ಜೊತೆಗೆ ಆ ಕುದುರೆಯ ಹುಡುಗನಿಗಾಗಿಯೂ ಪ್ರಾರ್ಥಿಸುತ್ತಿದ್ದೇನೆ, ನಿನಗೆ ಆಗುವುದಾದರೆ ಅವನನ್ನು ಒಮ್ಮೆ ನೆನೆ. ಹೀಗೆ ಬರೆದೆ. ಅವಳು, "ನಿನ್ನ ಮಾತು ಈಗ ನನಗೆ ಹಿಡಿಸುವುದಿಲ್ಲ, ಆದರೂ ಬರೆಯುತ್ತಿರು" ಎಂದಳು. ಪ್ರಾಮಾಣಿಕವಾದ ಉತ್ತರ. ಅದಕ್ಕೆ ನಾನು ಋಣಿ.

ಶನಿವಾರದ ಅಂತ್ಯಕ್ರಿಯೆಯನ್ನು ಅಜ್ಜಿಯ ಜೊತೆ ಟಿವಿಯಲ್ಲಿ ನೋಡಿದೆ. ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದಿದ್ದರು. ಟ್ರಂಪ್ ಮತ್ತು ಜೆಲೆನ್‌ಸ್ಕಿ ಮಹಾದೇವಾಲಯದೊಳಗೆ ಎರಡು ಕುರ್ಚಿ ಹಾಕಿಕೊಂಡು ಮಾತನಾಡಿದ ಚಿತ್ರ ಲೋಕವನ್ನೆಲ್ಲ ಸುತ್ತಿತು. ಎರಡು ದಿನ ಹಿಂದಷ್ಟೇ ಉಕ್ರೇನಿನ ರಾಜಧಾನಿ ಕೀವ್ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಮಾತುಕತೆಯಿಂದ ಏನಾದರೂ ಒಳ್ಳೆಯದಾಗಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಸಾಂತಾ ಮರಿಯಾ ಮಜ್ಜೋರೆಯ ಮೆಟ್ಟಿಲು. ಪ್ರತಿ ಪ್ರವಾಸದ ಮೊದಲೂ ನಂತರವೂ ಫ್ರಾನ್ಸಿಸ್ ಹೋಗಿ ಮಾತೆ ಮರಿಯಳ ಮುಂದೆ ಕೂರುತ್ತಿದ್ದ ಚರ್ಚು ಅದು, ತಮ್ಮ ಸಮಾಧಿಗೂ ಅದನ್ನೇ ಆರಿಸಿಕೊಂಡಿದ್ದರು. ಅಲ್ಲಿ ಅವರನ್ನು ಬರಮಾಡಿಕೊಂಡವರು ಬಡವರು, ವಲಸಿಗರು, ಕೈದಿಗಳು, ಲಿಂಗತ್ವ ಅಲ್ಪಸಂಖ್ಯಾತರು, ಸುಮಾರು ನಲವತ್ತು ಜನ, ಕೈಯಲ್ಲಿ ಒಂದೊಂದು ಬಿಳಿ ಗುಲಾಬಿ ಹಿಡಿದು.

ಭಾನುವಾರದ ಶುಭಸಂದೇಶ ಯೇಸುವಿನ ಶಿಷ್ಯರಾದ ಸಂತ ತೋಮರದು, ಯೇಸುವಿನ ಗಾಯ ಮುಟ್ಟದೆ ನಂಬುವುದಿಲ್ಲ ಎಂದವರದು, ಆಮೇಲೆ ನಮ್ಮ ದೇಶಕ್ಕೆ ಬಂದರೆಂದು ನಾವು ನಂಬುವವರದು. ಭಾರತೀಯರ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯೊಂದನ್ನು ಬರೆದುಕೊಡಲು ಗುರುಗಳು ನನಗೆ ಹೇಳಿದ್ದರು. ಪಹಲ್ಗಾಮಿನಲ್ಲಿ ಮಡಿದ ಎಲ್ಲರಿಗಾಗಿ, ಅವರ ಮನೆಯವರಿಗಾಗಿ, ನ್ಯಾಯಕ್ಕಾಗಿ, ನಿರಪರಾಧಿಗಳ ರಕ್ಷಣೆಗಾಗಿ ಬರೆದು, ಕೊನೆಯಲ್ಲಿ ಕೊಂದವರ ಮನಸ್ಸು ತಿರುಗಲಿ ಎಂದು ಒಂದು ಸಾಲು ಸೇರಿಸಿದೆ. ಪೂಜೆ ಮುಗಿದ ಮೇಲೆ ಗೋವೆಯ ಹಿರಿಯರೊಬ್ಬರು ನನ್ನನ್ನು ತಡೆದು, ಆ ಸಾಲಿಗೆ ಆಮೆನ್ ಎನ್ನಲು ತಮ್ಮ ಬಾಯಿ ಏಳಲಿಲ್ಲ ಎಂದರು. ಬರೆಯುವಾಗ ನನ್ನ ಕೈಯೂ ನಿಂತಿತ್ತು ಅಂಕಲ್, ಆದರೂ ಬಿಡುವುದು ಸರಿಯೆನಿಸಲಿಲ್ಲ ಎಂದೆ. ಕಾಫಿ ಕುಡಿಯುತ್ತ ಬಹಳ ಹೊತ್ತು ಮಾತನಾಡಿದೆವು. ಮುಂದಿನ ಭಾನುವಾರವೂ ಆ ಪ್ರಾರ್ಥನೆ ಇರಬೇಕು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮೊದಲ ಭಾಗವನ್ನು ಅವರು ಓದುವುದು, ಕೊನೆಯ ಸಾಲನ್ನು ನಾನು ಓದುವುದು ಎಂದು ನಿಶ್ಚಯಿಸಿದೆವು.