1300ರ ತೆನ್ಮೊಕು, 1220ರ ಕಿಲ್ನ್

ಜಪಾನಿನ ಹಳೆಯ ಗ್ಲೇಜ್‌ಗಳ (ಮಡಕೆಯ ಮೇಲಿನ ಗಾಜಿನಂಥ ಲೇಪ) ರೆಸಿಪಿ ಅಂತ ಸಿಗುವುದರಲ್ಲಿ ಬಹುಪಾಲು ಕೋನ್ 10ರವು, ಅಂದರೆ ಸುಮಾರು 1285ರಿಂದ 1305 ಡಿಗ್ರಿ ಸೆಲ್ಸಿಯಸ್. ಕೋನ್ ಅಂದರೆ ಗೊತ್ತಾದ ಶಾಖಕ್ಕೆ ಬಾಗುವ, ಅಳತೆಗೆ ಇಡುವ ಪುಟ್ಟ ಶಂಕು. ಅವು ಸೌದೆ ಹಾಕಿ ಸುಡುವ ಅನಗಾಮಾ, ನೊಬೊರಿಗಾಮಾ ಆವಿಗೆಗಳಲ್ಲಿ ಹುಟ್ಟಿದವು. ನಮ್ಮಲ್ಲಿ ಹೆಚ್ಚಿನವರ ಸ್ಟುಡಿಯೋದಲ್ಲಿರುವುದು ಕೋನ್ 6ರವರೆಗೆ, ಅಂದರೆ ಸುಮಾರು 1220ರವರೆಗೆ ಹೋಗುವ ಎಲೆಕ್ಟ್ರಿಕ್ ಕಿಲ್ನ್ (ವಿದ್ಯುತ್ ಆವಿಗೆ). ಕರಗುವ ಶಾಖ ಇಳಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಸುಲಭದ ಭಾಗ. ಕೈಕೊಡುವುದು ಒಳಗಿನ ಗಾಳಿ ಮತ್ತು ತಣಿಯುವ ವೇಗ.

ಕಬ್ಬಿಣದಿಂದ ಕಪ್ಪು-ಕಂದಾಗುವ ಗ್ಲೇಜ್ ತೆನ್ಮೊಕು, ಅದರಿಂದಲೇ ಶುರು ಮಾಡಿ. ಕೋನ್ 10ರ ಹೆಸರಾಂತ ಬೇಸ್ ಒಂದಿದೆ: ಪೊಟಾಶ್ ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಚೈನಾ ಕ್ಲೇ 10. ಇದಕ್ಕೆ ರೆಡ್ ಐರನ್ ಆಕ್ಸೈಡ್ 8ರಿಂದ 10 ಸೇರಿಸಿದರೆ ತೆನ್ಮೊಕು. ಇದನ್ನೇ ಹಾಗೇ ಕೋನ್ 6ಕ್ಕೆ ಸುಟ್ಟರೆ ಒಣಒಣವಾದ, ಕೈಗೆ ಒರಟಾಗುವ ಕಂದು ಮೈ ಬರುತ್ತದೆ. ಕಡಿಮೆ ಶಾಖದಲ್ಲಿ ಕರಗಲು ಬೋರಾನ್ ಬೇಕು, ಅದು ಫ್ರಿಟ್ (ಮೊದಲೇ ಕರಗಿಸಿ ಪುಡಿಮಾಡಿದ ಗಾಜು) ಮೂಲಕ ಬರಬೇಕು. 3134 ಮಾದರಿಯ ಫ್ರಿಟ್ ಇಟ್ಟುಕೊಂಡರೆ ಈ ಅಳತೆಯಿಂದ ಪರೀಕ್ಷೆ ಶುರು ಮಾಡಬಹುದು: ಫೆಲ್ಡ್‌ಸ್ಪಾರ್ 40, ಫ್ರಿಟ್ 15, ವೈಟಿಂಗ್ 14, ಚೈನಾ ಕ್ಲೇ 12, ಸಿಲಿಕಾ 19, ಮೇಲೆ ಐರನ್ 9.

ವೈಟಿಂಗ್ ಕಡಿಮೆಯಾಗಿದ್ದು ಯಾಕೆ? ಫ್ರಿಟ್‌ನಲ್ಲೇ ಕ್ಯಾಲ್ಸಿಯಂ ಇದೆ. ಚೈನಾ ಕ್ಲೇ ಹೆಚ್ಚಾಗಿದ್ದು ಯಾಕೆಂದರೆ, ಗ್ಲೇಜ್ ಜಾರದಂತೆ ಹಿಡಿಯುವ ಅಲ್ಯೂಮಿನಾ ಅದರಲ್ಲಿದೆ, ಈ ಫ್ರಿಟ್‌ನಲ್ಲಿ ಇಲ್ಲವೇ ಇಲ್ಲ. ಹಳೆಯ ರೆಸಿಪಿಯ ಮೇಲೆ ಸುಮ್ಮನೆ 20 ಭಾಗ ಫ್ರಿಟ್ ಸುರಿದರೆ ಅಲ್ಯೂಮಿನಾದ ಪಾಲು ಇಳಿದು, ಗ್ಲೇಜ್ ಜಾರಿ ಶೆಲ್ಫಿಗೆ ಅಂಟುತ್ತದೆ. ಫ್ರಿಟ್ 10, 15, 20 ಇಟ್ಟು 100 ಗ್ರಾಂನ ಮೂರು ಬ್ಯಾಚ್ ಮಾಡಿ. ಪರೀಕ್ಷೆಯ ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿಯೇ ಸುಡಿ. ಮಲಗಿಸಿದ ಬಿಲ್ಲೆಯಲ್ಲಿ ಜಾರುವಿಕೆ ಕಾಣುವುದಿಲ್ಲ.

ಇನ್ನು ಗಾಳಿ. ಸೌದೆ ಅಥವಾ ಗ್ಯಾಸ್ ಕಿಲ್ನ್‌ನಲ್ಲಿ ಆಮ್ಲಜನಕ ತಗ್ಗಿಸಿ ಸುಟ್ಟಾಗ, ಅಂದರೆ ರಿಡಕ್ಷನ್‌ನಲ್ಲಿ, ಕಬ್ಬಿಣ ತಾನೇ ಗ್ಲೇಜನ್ನು ಕರಗಿಸುವ ಕೆಲಸ ಮಾಡುತ್ತದೆ. ಎಲೆಕ್ಟ್ರಿಕ್‌ನಲ್ಲಿ ಆ ಸಹಾಯ ತೀರಾ ಕಡಿಮೆ. ಆದರೂ ತೆನ್ಮೊಕು ಹೊಂದಿಕೊಳ್ಳುತ್ತದೆ: ದಪ್ಪ ಇದ್ದಲ್ಲಿ ಕಪ್ಪು, ಅಂಚಿನಲ್ಲಿ ತೆಳುವಾದಲ್ಲಿ ತುಕ್ಕಿನ ಕಂದು. ಎಣ್ಣೆಹನಿ ಚುಕ್ಕೆಯ ಯುತೆಕಿಯ ಕಥೆ ಬೇರೆ. ಅದಕ್ಕೆ ಆಕ್ಸಿಡೇಶನ್ನೇ, ಅಂದರೆ ಆಮ್ಲಜನಕ ಧಾರಾಳವಿರುವ ಸುಡುವಿಕೆಯೇ ಬೇಕು, ಆ ಮಟ್ಟಿಗೆ ಎಲೆಕ್ಟ್ರಿಕ್ ಒಳ್ಳೆಯದೇ. ಆದರೆ ಸುಮಾರು 1230 ದಾಟಿದ ಮೇಲೆ ಕಬ್ಬಿಣ ಆಮ್ಲಜನಕ ಬಿಟ್ಟು ಗುಳ್ಳೆ ಎದ್ದಾಗ ಮಾತ್ರ ಆ ಚುಕ್ಕೆ ಮೂಡುವುದು. ಕೋನ್ 6ರಲ್ಲಿ ಅದರ ಆಸೆ ಬಿಡಿ. ನಿಮ್ಮ ಕಿಲ್ನ್ 1300 ತಾಳುವಂತಿದ್ದರೆ ಕೋನ್ 10ಕ್ಕೇ ಹೋಗಿ.

ತಣಿಸುವುದನ್ನು ಬಹಳ ಜನ ಲೆಕ್ಕಕ್ಕೇ ಇಡುವುದಿಲ್ಲ. ಅನಗಾಮಾ ದಿನಗಟ್ಟಲೆ ತಣಿಯುತ್ತದೆ. ಸಣ್ಣ ಎಲೆಕ್ಟ್ರಿಕ್ ಕಿಲ್ನ್‌ಗೆ ಗೋಡೆ ತೆಳು, ಒಳಗೆ ಸಾಮಾನೂ ಕಡಿಮೆ, ಹಾಗಾಗಿ ಶಾಖ ಸರ್ರನೆ ಇಳಿಯುತ್ತದೆ. ಕಬ್ಬಿಣದ ಹರಳು ಕಟ್ಟಲು ಸಮಯವೇ ಸಿಗದೆ ಮಾತ್ರೆ ಸೀಸೆಯಂಥ ಕಂದು ಗಾಜು ಉಳಿಯುತ್ತದೆ. ಕಂಟ್ರೋಲರ್‌ನಲ್ಲಿ ಹೀಗೆ ಹಾಕಿ: 1100ರವರೆಗೆ ಗಂಟೆಗೆ 150, ಅಲ್ಲಿಂದ 1220ಕ್ಕೆ ಗಂಟೆಗೆ 60, 15 ನಿಮಿಷ ಹಿಡಿತ, 1040ರವರೆಗೆ ತಾನಾಗಿ ಇಳಿಯಲಿ, ಅಲ್ಲಿಂದ 800ರವರೆಗೆ ಗಂಟೆಗೆ 60ರಿಂದ 70. ಐರನ್ 11ಕ್ಕೆ ಏರಿಸಿ ಹೀಗೆ ತಣಿಸಿದರೆ ಕಾಕಿ ಎಂಬ ಜಪಾನಿ ಕಬ್ಬಿಣದ ಗ್ಲೇಜಿನ ಕೆಂಗಂದು ಬಣ್ಣದ ಹತ್ತಿರ ಬರಬಹುದು. ಕಂಟ್ರೋಲರ್ ತೋರಿಸುವ ಅಂಕಿಯನ್ನು ಮಾತ್ರ ನಂಬಬೇಡಿ, ಪ್ರತಿ ಶೆಲ್ಫಿಗೂ ಸಾಕ್ಷಿಗೆ ಒಂದು ಕೋನ್ ಇಡಿ. ಕೊನೆಯ ನೂರು ಡಿಗ್ರಿ ಗಂಟೆಗೆ 60ರಂತೆ ಏರಿದರೆ ಕೋನ್ 6 ಬಾಗುವುದು 1222ಕ್ಕೆ, 150ರಂತೆ ಏರಿದರೆ 1243ಕ್ಕೆ. ಗ್ಲೇಜಿನಲ್ಲಿ ಗುಂಡುಸೂಜಿ ತೂತು ಬಂದರೆ ಬಿಸ್ಕ್ (ಗ್ಲೇಜ್ ಹಾಕುವ ಮುಂಚಿನ ಮೊದಲ ಸುಡುವಿಕೆ) ಅನ್ನು 1000ಕ್ಕೆ, 700ರಿಂದ 900ರ ನಡುವೆ ನಿಧಾನಿಸಿ, ಸುಡಿ.

ಮಣ್ಣೂ ಬದಲಾಗಬೇಕು. 1280ರ ಮಣ್ಣು 1220ಕ್ಕೆ ಪೂರ್ತಿ ಬೇಯದೆ ನೀರು ಹೀರುತ್ತದೆ. ಗ್ಲೇಜ್ ಹಾಕದ ತುಂಡನ್ನು ತೂಗಿ, ಕೆಲವು ಗಂಟೆ ಕುದಿಸಿ, ಒರೆಸಿ ಮತ್ತೆ ತೂಗಿ. ತೂಕ ಶೇಕಡಾ 2ಕ್ಕಿಂತ ಹೆಚ್ಚು ಏರಿದರೆ ಅದರಲ್ಲಿ ಲೋಟ ಮಾಡಬೇಡಿ.

ಹಾಲುಬಿಳುಪಿನ ನುಕಾ ಗ್ಲೇಜ್‌ಗೆ ನಮ್ಮ ಕಡೆಯ ಸಾಮಗ್ರಿಯೇ ಸಾಕು. ಗಂಗಾವತಿ ಕಡೆಯ ರೈಸ್‌ಮಿಲ್‌ಗಳಲ್ಲಿ ಉಮಿಬೂದಿಗೆ ಬರವಿಲ್ಲ, ಅದರಲ್ಲಿ ಬಹುಪಾಲು ಸಿಲಿಕಾ. ಕಪ್ಪು ಬೂದಿಯನ್ನು ಅಗಲದ ಬಟ್ಟಲಲ್ಲಿ ತೆಳ್ಳಗೆ ಹರಡಿ ಬಿಸ್ಕ್ ಜೊತೆ ಸುಟ್ಟು ಇಂಗಾಲ ಕಳೆಯಿರಿ. ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೆಯ ಅಳತೆ ಫೆಲ್ಡ್‌ಸ್ಪಾರ್ 40, ಮರದ ಬೂದಿ 30, ಉಮಿಬೂದಿ 30. ಕೋನ್ 6ಕ್ಕೆ ಫೆಲ್ಡ್‌ಸ್ಪಾರ್ 25, ಫ್ರಿಟ್ 20, ಮರದ ಬೂದಿ 28, ಉಮಿಬೂದಿ 27ರಿಂದ ನೋಡಿ. ಮರದ ಬೂದಿ ಒಲೆಯಿಂದ ಒಲೆಗೆ ಬೇರೆ. ಎರಡು ಮೂರು ಸಲ ನೀರಲ್ಲಿ ತೊಳೆದು, 80 ಮೆಶ್‌ನಲ್ಲಿ ಸೋಸಿ. ತೊಳೆದ ನೀರು ಕ್ಷಾರ, ಕೈ ಸುಡುತ್ತದೆ, ಗ್ಲೌಸ್ ಇರಲಿ.

ಬೆಂಕಿಬಣ್ಣ ಇಣುಕುವ ಬಿಳಿ ಗ್ಲೇಜ್ ಶಿನೋ? ಎಲೆಕ್ಟ್ರಿಕ್‌ನಲ್ಲಿ ಬೇಡ ಅಂತಲೇ ಹೇಳುತ್ತೇನೆ. 1930ರಲ್ಲಿ ಜಪಾನಿನ ಕುಂಬಾರ ಅರಕಾವಾ ತೊಯೋಜೊ ಅಲ್ಲಿನ ಮಿನೋ ಪ್ರಾಂತದ ಮುತಬೊರಾ ಆವಿಗೆಯ ಜಾಗದಲ್ಲಿ ಕಂಡ ಚೂರುಗಳ ಗ್ಲೇಜ್ ಬಹುತೇಕ ಬರೀ ಫೆಲ್ಡ್‌ಸ್ಪಾರ್. ಅದರ ಬೆಂಕಿಬಣ್ಣ ಬರುವುದು ದೀರ್ಘ ಸುಡುವಿಕೆ, ನಿಧಾನದ ತಣಿವು, ಆ ಮಣ್ಣು ಮೂರೂ ಕೂಡಿದಾಗ. ನೆಫೆಲಿನ್ ಸೈನೈಟ್ ಬಿಳಿ ಗ್ಲೇಜಿನಡಿ ಐರನ್ ಸ್ಲಿಪ್ (ಕಬ್ಬಿಣ ಬೆರೆಸಿದ ತೆಳು ಮಣ್ಣು) ಬಳಿದು ಕೆಂಪಂಚು ತರಿಸಬಹುದು, ಚೆನ್ನಾಗಿಯೂ ಇರುತ್ತದೆ, ಆದರೆ ಶಿನೋ ಅಲ್ಲ. ರಿಡಕ್ಷನ್‌ಗಾಗಿ ಎಲೆಕ್ಟ್ರಿಕ್ ಕಿಲ್ನ್‌ಗೆ ಇದ್ದಿಲು ಎಸೆಯುವ ಉಪಾಯ ಅಂತೂ ಬೇಡವೇ ಬೇಡ. ಕಿಲ್ನ್ ಕಾಯಿಸುವ ಕಾಂತಾಲ್ ತಂತಿಯ ಕಾಯಿಲ್‌ಗಳ ಮೇಲಿನ ಅಲ್ಯೂಮಿನಾ ಪೊರೆ ಸವೆದು ಅವು ಬೇಗ ಸಾಯುತ್ತವೆ.

ಒರಿಬೆ ಎಂಬ ತಾಮ್ರದ ಗ್ಲೇಜಿನ ಹಸಿರು ಮೊದಲಿನಿಂದಲೂ ಆಕ್ಸಿಡೇಶನ್‌ನದು, ಹಾಗಾಗಿ ತಕರಾರು ಕಡಿಮೆ. ಮೇಲಿನ ಕೋನ್ 6 ಬೇಸ್‌ನಲ್ಲಿ ಐರನ್ ಬಿಟ್ಟು ಕಾಪರ್ ಕಾರ್ಬೊನೇಟ್ 4 ಹಾಕಿ. ಸುಟ್ಟ ಮೇಲೆ ಲೋಹದ ಮಂಕು ಪೊರೆ ಕಟ್ಟಿದರೆ, ಜಪಾನಿನಲ್ಲಿ ಓಕ್ ಕಾಯಿಯ ತೊಟ್ಟಿನ ಚೊಗರು ಕಷಾಯದಲ್ಲಿ ನೆನೆಸಿ ತೆಗೆಯುತ್ತಾರೆ. ಊಟದ ತಟ್ಟೆಗೆ ಬಳಸುವ ಮುಂಚೆ ಬಿಲ್ಲೆಯ ಮೇಲೆ ನಿಂಬೆಹೋಳು ರಾತ್ರಿಯಿಡೀ ಇಡಿ. ಗುರುತು ಬಿದ್ದರೆ ಆ ಗ್ಲೇಜ್ ಹೂದಾನಿಯ ಹೊರಮೈಗಷ್ಟೇ. ಬೀಳದಿದ್ದರೂ ಮಾರುವ ಮುಂಚೆ ಲ್ಯಾಬಿಗೆ ಕಳಿಸಿ, ತಾಮ್ರ ಎಷ್ಟು ಬಿಡುತ್ತದೆ ಅಂತ ನೋಡಿಸಿ.