ಮುಂದೆ ಯಾವ ಆಟ ಆಡಲಿ ಅಂತ ಕೇಳುವವರಿಗೆ

ಪ್ರಶ್ನೆ ಇಷ್ಟೇ. "ಸಿವಿಲೈಸೇಶನ್ ಆಡಿ ಮುಗಿಸಿದೆ, ಮುಂದೆ ಯಾವ ಆಟ ಆಡಲಿ?" ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಕೇಳುತ್ತಾರೆ, ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವಾಗ ಕೇಳುತ್ತಾರೆ, ಒಂದು ಸಲ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಾಗ ಆ ಡಾಕ್ಟರೇ ಕೇಳಿದರು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಆಡುವುದು ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳು, ಅದರಲ್ಲೂ ಸರದಿಯ ಮೇಲೆ ನಡೆಯುವಂಥವು. ನನ್ನ ನಡೆ ಮುಗಿದ ಮೇಲೆ ಎದುರಾಳಿಯ ನಡೆ, ಚೌಕಾಬಾರದ ಹಾಗೆ. ಗಡಿಬಿಡಿ ಇಲ್ಲ. ಒಲೆ ಮೇಲೆ ಹಾಲಿಟ್ಟು ಬಂದು ಆಡಬಹುದು. (ಹಾಲು ಉಕ್ಕುತ್ತದೆ, ಅದು ಬೇರೆ ವಿಷಯ.) ಸಿಡ್ ಮೈಯರ್ ಅವರ ಮೊದಲ ಸಿವಿಲೈಸೇಶನ್ ಬಂದಿದ್ದು 1991ರಲ್ಲಿ. ಎರಡು ವರ್ಷ ಆದಮೇಲೆ ಮಾಸ್ಟರ್ ಆಫ್ ಓರಿಯನ್ ಅನ್ನುವ ಆಟದ ಬಗ್ಗೆ ಬರೆಯುವಾಗ ಆಲನ್ ಎಮ್ರಿಚ್ ಅನ್ನುವವರು ಈ ಜಾತಿಯ ಆಟಗಳಿಗೆ 'ಫೋರ್ ಎಕ್ಸ್' ಅಂತ ಹೆಸರಿಟ್ಟರು. ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್. ನಮ್ಮ ಮಾತಲ್ಲಿ ಹೇಳುವುದಾದರೆ ಹುಡುಕು, ಹರಡು, ದುಡಿಸಿಕೋ, ಮುಗಿಸು.

ಪ್ರಶ್ನೆಗಿಂತ ಅದರ ಬಾಲ ನನಗೆ ಉರಿಸುತ್ತದೆ. "ಅದೇ ಥರ ಇರಬೇಕು, ಆದ್ರೆ ಅದೇ ಆಗಿರಬಾರದು." ಮೈಲಾರಿಗೆ ಹೋಗಿ ದೋಸೆ ಥರದ್ದೇ ಕೊಡಿ, ದೋಸೆ ಮಾತ್ರ ಬೇಡ ಅಂದರೆ ಅವರು ಏನು ತಂದಿಡಬೇಕು?

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆವು. ಎದುರು ಸಾಲಿನಲ್ಲಿ ನಮ್ಮ ಯಜಮಾನರ ಕಡೆಯ ಒಬ್ಬ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಯಜಮಾನರಿಗೆ, "ಅಂಕಲ್, ನಿಮ್ಮ ಮನೇಲಿ ಸ್ಟ್ರಾಟಜಿ ಗೇಮ್ಸ್ ಜಾಸ್ತಿ ಆಡ್ತಾರಂತೆ" ಅಂದ. ಚೌಕಾಬಾರದಲ್ಲೂ ಸೋಲುವ ಮನುಷ್ಯ ಅವರು. ಕೈಯೆಲ್ಲ ಸಾರಾಗಿತ್ತು, ಗಲ್ಲದಿಂದಲೇ ನನ್ನ ಕಡೆ ತೋರಿಸಿದರು.

"ಆಂಟಿನಾ?"

ಆ 'ನಾ' ಇನ್ನೂ ನನ್ನ ಕಿವಿಯಲ್ಲಿದೆ.

"ಕ್ಯಾಂಡಿ ಕ್ರಷ್ ಥರದ್ದಾ ಆಂಟಿ?" ಅಂತ ಬೇರೆ ಕೇಳಿದ. ನಾನು, "ಸಿವಿಲೈಸೇಶನ್‌ನಲ್ಲಿ ನೀನು ಯಾವ ಲೆವೆಲ್ಲಪ್ಪ?" ಅಂದೆ. ಪ್ರಿನ್ಸ್ ಅಂದ. ಪ್ರಿನ್ಸ್ ಅಂದರೆ ಸಾಧಾರಣ ಮಟ್ಟ, ಕಂಪ್ಯೂಟರಿಗೂ ನಮಗೂ ಸರಿಸಮ. ನಾನು ಆಡುವುದು ಡೀಟಿಯಲ್ಲಿ. ಅದು ಕೊನೆಯ ಮಟ್ಟ. ಆರನೇ ಸಿವಿಲೈಸೇಶನ್‌ನಲ್ಲಿ ಊರು ಕಟ್ಟಲು ನಮಗೆ ಒಂದು ಗುಂಪು ಕೊಟ್ಟರೆ ಕಂಪ್ಯೂಟರಿಗೆ ಮೂರು ಗುಂಪು ಕೊಟ್ಟು ಕೂರಿಸುತ್ತಾರೆ. ಹೇಳಿದೆ. ಹುಡುಗ ಹಪ್ಪಳ ಮುರಿಯುವುದನ್ನು ನಿಲ್ಲಿಸಿದ. ಚಿಕ್ಕತನ ಅಂತ ಗೊತ್ತು, ಆದರೂ ಖುಷಿಯಾಯಿತು.

ಆಮೇಲೆ ಶುರುವಾಯಿತು. ಸಿವಿಲೈಸೇಶನ್ ಮುಗಿಸಿದೆ, ಮುಂದೆ ಯಾವುದು ಆಡಲಿ, ಆಂಟಿ? ಓಲ್ಡ್ ವರ್ಲ್ಡ್ ಆಡು ಅಂದೆ. "ಅದ್ರಲ್ಲಿ ಗನ್ನೇ ಇಲ್ವಂತೆ." ಎಂಡ್‌ಲೆಸ್ ಲೆಜೆಂಡ್? "ಮಾಯ ಮಂತ್ರ ಎಲ್ಲ ಬೇಡ." ಆಲ್ಫಾ ಸೆಂಟಾರಿ? "ಯಾವ ವರ್ಷದ್ದು?" 1999. "ಆಂಟಿ, ನಾನು ಹುಟ್ಟೇ ಇರ್ಲಿಲ್ಲ." ಫ್ರೀಸಿವ್ ಇದೆ, ದುಡ್ಡು ಕೊಡಬೇಕಾಗಿಲ್ಲ ಅಂದೆ. ಬಿಟ್ಟಿ ಅಂದಮೇಲೆ ಚೆನ್ನಾಗಿರಲ್ಲ ಬಿಡಿ ಅಂದ. ಬಿಟ್ಟಿ ಊಟ ಮಾಡುತ್ತಾ ಹೇಳಿದ ಮಾತು ಇದು.

ಸರಿ, ಫೆಬ್ರವರಿಯಲ್ಲಿ ಬಂದ ಏಳನೇ ಸಿವಿಲೈಸೇಶನ್ ಇದೆಯಲ್ಲ ಅಂದೆ. ಅದು ಬಂದಾಗ ಒಂದು ಯುಗ ಮುಗಿದ ಮೇಲೆ ನಮ್ಮ ನಾಡೇ ಬದಲಾಗುತ್ತಿತ್ತು, ಹಳೆಯ ಆಟಗಾರರು ಇದಕ್ಕೆ ಗೊಣಗುತ್ತಿದ್ದರು. "ನಮ್ಮೋರು ಯಾರಿದ್ದಾರೆ?" ಅಂದ. ಮೌರ್ಯರಿದ್ದಾರೆ, ಮೊಘಲರಿದ್ದಾರೆ, ಚೋಳರಿದ್ದಾರೆ. ಚೋಳರು ಅಂದಿದ್ದೇ ತಡ, ಅವನ ಪಕ್ಕದ ಎಲೆಯ ಹಿರಿಯರೊಬ್ಬರು ತುತ್ತು ಕೆಳಗಿಟ್ಟು ತಲೆ ಎತ್ತಿದರು. "ನೀರು ಸಾಲ್ದು ಅಂತ ಆಟಕ್ಕೂ ಬಂದ್ರಾ?" ಮಂಡ್ಯ ಅಲ್ವಾ. ವಿಷ್ಣುವರ್ಧನ 12ನೇ ಶತಮಾನದಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡಿದ್ದ, 'ತಲಕಾಡುಗೊಂಡ' ಅಂತ ಬಿರುದು ಬೇರೆ ಇತ್ತಲ್ಲ ಅಂತ ಸಮಾಧಾನ ಹೇಳಿದೆ. "ಮತ್ತೆ ಅವನನ್ನ ಯಾಕ್ ಹಾಕಿಲ್ಲ?" ಅದಕ್ಕೆ ನಾನು ಜವಾಬ್ದಾರಿಯಾ? ಕ್ರುಸೇಡರ್ ಕಿಂಗ್ಸ್‌ನಲ್ಲಿ 867ನೇ ಇಸವಿ ಆರಿಸಿಕೊಂಡರೆ ನಮ್ಮ ರಾಷ್ಟ್ರಕೂಟ ಅಮೋಘವರ್ಷನಾಗಿ ಆಡಬಹುದು, ಯುರೋಪಾ ಯುನಿವರ್ಸಾಲಿಸ್‌ನ ನಾಲ್ಕನೇ ಆಟ 1444ರಲ್ಲಿ ಶುರುವಾಗುತ್ತದೆ, ಅಲ್ಲಿ ವಿಜಯನಗರ ಸಿಗುತ್ತದೆ. ಆದರೆ ಅವು ಸರದಿಯ ಆಟಗಳಲ್ಲ. ಕಾಲ ಓಡುತ್ತಲೇ ಇರುತ್ತದೆ, ತಡೆದು ತಡೆದು ಆಡಬೇಕು. ಹಾಲಿಟ್ಟು ಬಂದು ಆಡುವವರಿಗಲ್ಲ.

ಪಾಯಸ ಬರುವ ಹೊತ್ತಿಗೆ ನಾನು ಸುಮ್ನೆ ಒಂದು ಮಾತು ಕೇಳಿದೆ. "ಸಿವಿಲೈಸೇಶನ್ ಮುಗಿಸಿದೆ ಅಂದೆಯಲ್ಲ, ಹೇಗೆ ಗೆದ್ದೆ?"

ಹುಡುಗ ಎಲೆ ನೋಡಿದ. ಗೆದ್ದಿಲ್ಲ. ಸೋತೂ ಇಲ್ಲ. ನೂರೈವತ್ತನೇ ಟರ್ನ್ ಹತ್ತಿರ ಬಂದಾಗ ಬೇಜಾರಾಗಿ ಬಿಟ್ಟಿದ್ದಾನೆ. ಎಷ್ಟು ಸಲ? ಪ್ರತಿ ಸಲ.

ಅಲ್ಲಿಂದ ಮೇಲೆ ನನ್ನನ್ನು ಕೇಳಿದವರಿಗೆಲ್ಲ ಇದೇ ಪ್ರಶ್ನೆ ತಿರುಗಿಸಿ ಕೇಳುತ್ತಿದ್ದೇನೆ. ಯಾರೂ ಮುಗಿಸಿಲ್ಲ! ಮುಗಿಸಿದೆ ಅಂದರೆ ಸಾಕಾಯಿತು ಅಂತ ಅರ್ಥ. ನಾನೂ ಸಾಚಾ ಅಲ್ಲ, ನನ್ನ ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಿಟ್ಟ ಸಾಮ್ರಾಜ್ಯಗಳು ಬೇಕಾದಷ್ಟಿವೆ. ಶುರುವಿನಲ್ಲಿ ಒಂದು ಊರು, ಒಬ್ಬ ಯೋಧ, ಸುತ್ತ ಕತ್ತಲೆ. ಆ ಬೆಟ್ಟದ ಆಚೆ ಏನಿದೆ ನೋಡೋಣ ಅಂತ ಇನ್ನೊಂದೇ ಟರ್ನ್, ಇನ್ನೊಂದೇ ಟರ್ನ್ ಅಂತ ರಾತ್ರಿ ಎರಡಾಗುತ್ತದೆ. ಕೊನೆಗೆ ಹದಿನಾಲ್ಕು ಊರಾಗುತ್ತವೆ, ಪ್ರತಿಯೊಂದೂ "ಈಗೇನು ಕಟ್ಟಲಿ" ಅಂತ ಕೇಳುತ್ತದೆ, ಗೆಲ್ಲುವುದು ನಾವೇ ಅಂತಲೂ ಗೊತ್ತಾಗಿಬಿಟ್ಟಿರುತ್ತದೆ. ಆಗ ಅದು ಆಟವಲ್ಲ, ಆಫೀಸು. ನಾನು ದಿನವಿಡೀ ಲೆಕ್ಕ ಬರೆಯುವವಳು, ಅದು ನನಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಎಲ್ಲಿ ಬಿಟ್ಟಿರಿ ಹೇಳಿ, ಆಮೇಲೆ ಹೆಸರು ಹೇಳುತ್ತೇನೆ. ಊರು ಜಾಸ್ತಿಯಾಗಿ ಬಿಟ್ಟವರು ಓಲ್ಡ್ ವರ್ಲ್ಡ್ ಆಡಿ. 2021ರದ್ದು, ನಾಲ್ಕನೇ ಸಿವಿಲೈಸೇಶನ್ನಿನ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ತಂಡದ್ದು. ಅದರಲ್ಲಿ ಒಂದು ಟರ್ನಿಗೆ ಇಷ್ಟೇ ಆಜ್ಞೆ ಅಂತ ಲೆಕ್ಕ ಇರುತ್ತದೆ, ಆಜ್ಞೆ ಮುಗಿದರೆ ದೊರೆಯ ಬಾಯಿ ಮುಚ್ಚಿತು. ಒಂದು ಟರ್ನ್ ಒಂದು ವರ್ಷ. ದೊರೆಗೂ ವಯಸ್ಸಾಗುತ್ತದೆ, ಸಾಯುತ್ತಾನೆ, ಮಗ ಪೋಲಿ ಬಿದ್ದಿರುತ್ತಾನೆ. ಇಲ್ಲದಿದ್ದರೆ ಎಂಡ್‌ಲೆಸ್ ಲೆಜೆಂಡ್‌ನಲ್ಲಿ ಕಲ್ಟಿಸ್ಟ್ಸ್ ಅನ್ನುವ ಪಂಗಡ ಆರಿಸಿ, ಅವರಿಗೆ ಇರುವುದೇ ಒಂದು ಊರು. ಗೆಲ್ಲುವುದು ಖಾತ್ರಿ ಅಂತ ಬಿಟ್ಟವರಿಗೆ ಹೊಸ ಆಟ ಬೇಡ, ಮಟ್ಟ ಏರಿಸಿ, ದುಡ್ಡು ಉಳಿಯಿತು. ಲ್ಯಾಪ್‌ಟಾಪ್ ಬಿಸಿಯಾಗಿ ಆಟ ಬಿಟ್ಟವರು ಆಲ್ಫಾ ಸೆಂಟಾರಿ ಆಡಿ, ಫ್ರೀಸಿವ್ ಆಡಿ, ಅದೂ ಆಗದಿದ್ದರೆ ಫೋನಿನಲ್ಲಿ ಅನ್‌ಸಿವ್ ಹಾಕಿಕೊಳ್ಳಿ. ಐದನೇ ಸಿವಿಲೈಸೇಶನ್ನಿನ ನಿಯಮಗಳೇ, ಪುಕ್ಕಟೆ, ಮೈಸೂರಿಂದ ಬೆಂಗಳೂರು ಹೋಗುವಷ್ಟರಲ್ಲಿ ಒಂದು ಯುದ್ಧ ಮುಗಿಯುತ್ತದೆ.

ಇನ್ನು "ಈ ವಯಸ್ಸಿಗೆ ಆಟ ಬೇಕಾ" ಅನ್ನುವವರಿಗೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಕೌತುಕನಿಧಿ ಅಂತ ಒಂದು ಭಾಗ ಇದೆ, ಅದರಲ್ಲಿ ಆಟಗಳೂ ಇವೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಸುತ್ತಿಸಿದ ದೊರೆ ಅವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, ಆಟ ಕಿತ್ತುಕೊಳ್ಳಲು ಆಗಲಿಲ್ಲ. ಮತ್ತೆ ನೀವು ದಿನಾ ರಾತ್ರಿ ನೋಡುವ ಸೀರಿಯಲ್ಲೂ ಸರದಿಯ ಆಟವೇ, ಒಂದು ದಿನ ಅತ್ತೆಯ ನಡೆ, ಒಂದು ದಿನ ಸೊಸೆಯ ನಡೆ. ನಾನೇನಾದರೂ ಅಂದಿದ್ದೀನಾ?

ನಿಜ ಹೇಳಬೇಕೆಂದರೆ ಆಟದ ಬಗ್ಗೆ ನನ್ನನ್ನು ಒಳ್ಳೆಯ ಪ್ರಶ್ನೆ ಕೇಳಿದವರು ಒಬ್ಬರೇ, ನಮ್ಮ ಮಾವ. ಮಂಡ್ಯದ ಕಡೆಯ ರೈತರು, ಮೌಸ್ ಮುಟ್ಟಿದವರಲ್ಲ. ಕಾಲು ನೋವಿಗೆ ತೋರಿಸಲು ಮೈಸೂರಿಗೆ ಬಂದು ನಮ್ಮ ಮನೆಯಲ್ಲಿ ತಿಂಗಳು ಇದ್ದರು. ಒಂದು ರಾತ್ರಿ ನನ್ನ ಬೆನ್ನ ಹಿಂದೆ ನಿಂತು, "ಅದೇನವ್ವ ನೀಲಿ?" ಅಂದರು. ಡ್ಯಾಮು, ಮಾವ. ಆರನೇ ಸಿವಿಲೈಸೇಶನ್ನಿಗೆ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಅನ್ನುವ ವಿಸ್ತರಣೆಯಲ್ಲಿ ಪ್ರವಾಹ, ಬರ, ಅಣೆಕಟ್ಟು ಎಲ್ಲ ಇದೆ. "ಎಷ್ಟ್ ದಿನಕ್ಕೆ ಕಟ್ದೆ?" ಎಂಟು ಟರ್ನ್. "ಕನ್ನಂಬಾಡಿ ಕಟ್ಟೋಕೆ ಇಪ್ಪತ್ ವರ್ಸ ಹಿಡೀತು ಕಣವ್ವ" ಅಂದರು. ಸರಿಯೇ, 1911ರಲ್ಲಿ ಶುರುವಾದ ಕೆಲಸ ಅದು.

ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಮುಳುಗಿದ ಊರು ಯಾವ್ದು?"

ಯಾವ ಊರೂ ಇಲ್ಲ, ಮಾವ. ಆಟದಲ್ಲಿ ಡ್ಯಾಮು ಕಟ್ಟಿದರೆ ಪ್ರವಾಹ ನಿಲ್ಲುತ್ತದೆ, ಜನರಿಗೆ ಮನೆ ಜಾಸ್ತಿಯಾಗುತ್ತದೆ, ಯಾರೂ ಮುಳುಗಲ್ಲ. "ಹಂಗಾದ್ರೆ ಅದು ಡ್ಯಾಮಲ್ಲ ಬುಡು" ಅಂದು ಮಲಗಲು ಹೋದರು.

ಮೂವತ್ತು ವರ್ಷದಿಂದ ಇಂಥ ಆಟ ಆಡುತ್ತಿದ್ದೇನೆ. ನನಗೆ ಅದು ಹೊಳೆದೇ ಇರಲಿಲ್ಲ. ಮಾರನೇ ದಿನ ಆ ನದಿಯ ಊರಿನ ಹೆಸರು ಅಳಿಸಿ ಕನ್ನಂಬಾಡಿ ಅಂತ ಇಟ್ಟೆ. ಅಲ್ಲಿಂದ ದಿನಾ ಬೆಳಗ್ಗೆ ರೊಟ್ಟಿ ತಿನ್ನುವಾಗ ಮಾವನ ವಿಚಾರಣೆ. ಬರ ಬಂತಾ? ಯಾರು ದಂಡೆತ್ತಿ ಬಂದರು? ಕನ್ನಂಬಾಡಿಯಲ್ಲಿ ಜನ ಎಷ್ಟು? ಉತ್ತರ ಕೊಡಬೇಕಲ್ಲ ಅಂತ ರಾತ್ರಿ ಆಡಿದೆ. ಆ ಆಟವನ್ನು ಬಿಡಲಿಲ್ಲ, 312ನೇ ಟರ್ನಿನಲ್ಲಿ ಮುಗಿಸಿದೆ. ಗೆದ್ದೆ ಅಂದಾಗ ಮಾವ, "ಗೆಲ್ದೆ ಇನ್ನೇನು" ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆ ಮಂಡ್ಯದ ಹುಡುಗ ಹೋದ ವಾರ ಮೆಸೇಜ್ ಮಾಡಿದ್ದ. "ಆಂಟಿ, ಓಲ್ಡ್ ವರ್ಲ್ಡ್ ಮುಗೀತು. ನೆಕ್ಸ್ಟ್ ಯಾವುದು?"

"ನಿನ್ನ ದೊರೆಯ ಮಗ ಏನಾದ?" ಅಂತ ಕೇಳಿದೆ.

ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.