ಐದು ಸಾವಿರ ಕಾರಿನ ವಾರ

ಕ್ಯಾಲಿಫೋರ್ನಿಯಾದಲ್ಲಿದ್ದು ಷೇರುಪೇಟೆ ಆಡುವವರದು ಒಂಥರಾ ಪಾಡು. ನ್ಯೂಯಾರ್ಕಿನಲ್ಲಿ ಒಂಬತ್ತೂವರೆಗೆ ಪೇಟೆ ತೆರೆದರೆ ಇಲ್ಲಿ ಬೆಳಗಿನ ಆರೂವರೆ. ಹಲ್ಲುಜ್ಜುವ ಮೊದಲೇ ಫೋನ್ ನೋಡಬೇಕು. ಮಧ್ಯಾಹ್ನ ಒಂದಕ್ಕೆ ಎಲ್ಲಾ ಮುಗಿದಿರುತ್ತದೆ. ಆಮೇಲೆ ಆಫೀಸ್ ಕೆಲಸ ಎಷ್ಟಾಯಿತೋ ಅಷ್ಟು. 2018ರ ಆ ಬೇಸಿಗೆಯಲ್ಲಿ ಫ್ರೀಮಾಂಟ್‌ನ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಸಿನಿಮಾ, ಕ್ರಿಕೆಟ್, ಗ್ರೀನ್ ಕಾರ್ಡ್ ಎಲ್ಲಾ ಹಿಂದೆ ಬಿದ್ದು ಎಲೆಕ್ಟ್ರಿಕ್ ಕಾರು ಮಾಡುವ ಟೆಸ್ಲಾ ಕಂಪನಿ ಒಂದೇ ಮಾತಾಗಿತ್ತು.

ಫ್ಯಾಕ್ಟರಿ ನಮ್ಮೂರಲ್ಲೇ ಇತ್ತಲ್ಲ. ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಬಾರ್ಟ್ ರೈಲು ಇಳಿದರೆ ಹಳಿಯ ಆಚೆ ಆ ಬಿಳಿ ಕಟ್ಟಡ ಕಾಣುತ್ತದೆ. ಅದು ಮೊದಲು ಜನರಲ್ ಮೋಟರ್ಸ್‌ನದು. ಆಮೇಲೆ 1984ರಿಂದ ಟೊಯೋಟಾ ಮತ್ತು ಜಿಎಂ ಸೇರಿ ನಡೆಸಿದ್ದು. 2010ರಲ್ಲಿ ಅವರು ಬಾಗಿಲು ಹಾಕಿದ ಮೇಲೆ ಟೆಸ್ಲಾ 4.2 ಕೋಟಿ ಡಾಲರಿಗೆ ಕೊಂಡಿತು. ಫ್ರೀಮಾಂಟ್‌ನಲ್ಲಿ ಅಷ್ಟು ದೊಡ್ಡ ಜಾಗ, ಅಷ್ಟು ಕಟ್ಟಡ ಆ ದುಡ್ಡಿಗೆ ಸಿಕ್ಕಿತು ಅಂದರೆ ಈಗ ಮನೆ ಹುಡುಕುವವರು ಅಳಬೇಕು.

ನನ್ನ ಹತ್ತಿರ ಟೆಸ್ಲಾ ಷೇರು ಇರಲಿಲ್ಲ. ಆದರೂ ಆ ಚರ್ಚೆಗಳಲ್ಲಿ ನನಗೊಂದು ಕುರ್ಚಿ ಇರುತ್ತಿತ್ತು. ಅಮೆರಿಕಕ್ಕೆ ಬರುವ ಮೊದಲು ನಾನು ಬಿಡದಿಯಲ್ಲಿ ಕಾರಿನ ಸೀಟು ಮಾಡುವ ಕಂಪನಿಯೊಂದರಲ್ಲಿ ಲೈನ್ ನೋಡಿಕೊಳ್ಳುತ್ತಿದ್ದವನು. ಉಳಿದವರೆಲ್ಲ ಸಾಫ್ಟ್‌ವೇರ್. ಹಾಗಾಗಿ ಫ್ಯಾಕ್ಟರಿ ವಿಷಯ ಬಂದಾಗಲೆಲ್ಲ "ನೀನು ಹೇಳು ಗುರು" ಅಂತ ನನ್ನ ಕಡೆ ತಿರುಗುತ್ತಿದ್ದರು.

ಮಾಡೆಲ್ 3 ಕಾರಿನ ಕಥೆ ಆಗ ಎಲ್ಲರ ಬಾಯಲ್ಲಿತ್ತು. 2017ರ ಜುಲೈ 28ರಂದು ಮೊದಲ 30 ಕಾರು ಕೊಟ್ಟ ರಾತ್ರಿಯೇ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್, ಇನ್ನು ಆರು ತಿಂಗಳು ಉತ್ಪಾದನೆಯ ನರಕ ಅಂದಿದ್ದ. ವರ್ಷದ ಕೊನೆಗೆ ವಾರಕ್ಕೆ 5,000 ಕಾರು ಬರಬೇಕಿತ್ತು. ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ ಆದದ್ದು 260. ವಾರಕ್ಕಲ್ಲ, ಮೂರು ತಿಂಗಳಿಗೆ. ನೆವಾಡದ ಫ್ಯಾಕ್ಟರಿಯಲ್ಲಿ ಬ್ಯಾಟರಿ ಮಾಡ್ಯೂಲ್ ಜೋಡಿಸುವ ಲೈನ್ ಸಿಕ್ಕಿಹಾಕಿಕೊಂಡಿತ್ತು. ಗಡುವು ಡಿಸೆಂಬರಿನಿಂದ ಮಾರ್ಚಿಗೆ ಹೋಯಿತು. ಮಾರ್ಚಿನಿಂದ ಜೂನ್ ಕೊನೆಗೆ.

ಜೂನ್ ಕೊನೆ ಬಂತು. ಜುಲೈ 1, ಭಾನುವಾರ. ಆವತ್ತು ಬೆಳಿಗ್ಗೆಯೇ ಸುದ್ದಿ ಹರಡಿತ್ತು. ಶನಿವಾರ ಮಧ್ಯರಾತ್ರಿಯ ಗಡುವು ಕೆಲವು ಗಂಟೆ ತಪ್ಪಿ, ಭಾನುವಾರ ಬೆಳಗಿನ ಐದರ ಸುಮಾರಿಗೆ ಐದು ಸಾವಿರದ ಕಾರು ಹೊರಗೆ ಬಂದಿತ್ತು. ನಾವೀಗ ನಿಜವಾದ ಕಾರು ಕಂಪನಿಯಾದೆವು ಅಂತ ಮಸ್ಕ್ ಕೆಲಸಗಾರರಿಗೆ ಮೇಲ್ ಬರೆದಿದ್ದ.

ಸಂಜೆ ಮೈಸೂರಿನ ಗೆಳೆಯನ ಹಿತ್ತಲಲ್ಲಿ ಸೇರಿದ್ದೆವು. ಒಲೆಯ ಮೇಲೆ ಜೋಳದ ತೆನೆ ಸುಡುತ್ತಿತ್ತು. ಉಪ್ಪು ಖಾರ ನಿಂಬೆಹಣ್ಣು ಸವರುವ ಕೆಲಸ ನನ್ನದು. ಮೈಸೂರಿನವನು 2013ರಲ್ಲೇ ಷೇರು ಕೊಂಡು ಇಟ್ಟುಕೊಂಡವನು. 2016ರ ಮಾರ್ಚ್ 31ರಂದು ಕಾರು ಹೇಗಿದೆ ಅಂತಲೂ ನೋಡದೆ ಅಂಗಡಿ ಮುಂದೆ ಸಾಲಿನಲ್ಲಿ ನಿಂತು ಸಾವಿರ ಡಾಲರ್ ಮುಂಗಡ ಕಟ್ಟಿದ್ದ. ಈ ಭಾನುವಾರ ಅವನ ಮುಖ ನೋಡಬೇಕಿತ್ತು.

"ನಾಳೆ ಆರೂವರೆಗೆ ನೋಡು ಗುರು, ಶಾರ್ಟ್ ಮಾಡಿದೋರೆಲ್ಲ ಓಡ್ತಾರೆ."

ಶಾರ್ಟ್ ಮಾಡಿದವರು ಅಂದರೆ ಷೇರು ಬೀಳುತ್ತದೆ ಅಂತ ಬಾಜಿ ಕಟ್ಟಿದವರು. ಅವರ ಪೈಕಿ ಒಬ್ಬ ಅಲ್ಲೇ ಕೂತಿದ್ದ, ಹುಬ್ಬಳ್ಳಿಯವನು. ಷೇರು ಬಿದ್ದರೆ ದುಡ್ಡು ಬರುವಂಥ ಪುಟ್ ಆಪ್ಷನ್ ಕೊಂಡಿದ್ದ. ಅವನೊಬ್ಬನೇ ಅಲ್ಲ. ಬೀಳುತ್ತದೆ ಅಂತ ಬಾಜಿ ಕಟ್ಟಿದ ದುಡ್ಡಿನ ಲೆಕ್ಕದಲ್ಲಿ ಆಗ ಅಮೆರಿಕದಲ್ಲೇ ಟೆಸ್ಲಾ ಮೊದಲು. ಅವನು ತೆನೆ ಕಚ್ಚುತ್ತಾ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಸಣ್ಣ ವಿಮಾನದಲ್ಲಿ ಹೋಗಿ ಯಾರೋ ಮೇಲಿನಿಂದ ತೆಗೆದದ್ದು. ಫ್ಯಾಕ್ಟರಿಯ ಅಂಗಳದಲ್ಲಿ ಉದ್ದಕ್ಕೆ ಬಿಳಿ ಟೆಂಟ್. ಒಳಗೆ ಜಾಗ ಸಾಲದೆ ಜೂನ್‌ನಲ್ಲಿ ಸುಮಾರು ಮೂರು ವಾರದಲ್ಲಿ ಎಬ್ಬಿಸಿದ ಹೊಸ ಅಸೆಂಬ್ಲಿ ಲೈನ್ ಅದು.

"ಟೆಂಟ್ ಹಾಕ್ಯಾರ ಅಂದ್ರ ಒಳಗ ಸರ್ಕಸ್ ನಡದೈತಿ ಅಂತನ ಅರ್ಥ," ಅಂದ. ಎಲ್ಲರೂ ನಕ್ಕೆವು, ಮೈಸೂರಿನವನೂ.

ಆಮೇಲೆ ಇಬ್ಬರೂ ಅದೇ ಫೋಟೋ ಹಿಗ್ಗಿಸಿ ಪಾರ್ಕಿಂಗ್‌ನಲ್ಲಿ ನಿಂತ ಕಾರು ಎಣಿಸತೊಡಗಿದರು. ಒಬ್ಬನಿಗೆ ಅದು ಮಾರಾಟಕ್ಕೆ ರೆಡಿಯಾದ ಕಾರು. ಇನ್ನೊಬ್ಬನಿಗೆ ರಿಪೇರಿಗೆ ನಿಂತ ಕಾರು. ಫೋಟೋ ಒಂದೇ! ಹೀಗೆ ಎಣಿಸುವ ಚಟ ಆಗ ಊರಿಗೆಲ್ಲ ಇತ್ತು. ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಅಂತೂ ಕಾರುಗಳ ಗುರುತಿನ ನಂಬರ್ ಹಿಡಿದು ವಾರಕ್ಕೆ ಎಷ್ಟು ಕಾರು ಅಂತ ಅಂದಾಜು ಹಾಕುವ ಲೆಕ್ಕವನ್ನೇ ಶುರು ಮಾಡಿತ್ತು.

ನನ್ನ ಸರದಿ ಬಂತು. ನಾನು ಹೇಳಿದ್ದು ಇಷ್ಟೇ. ವಾರಕ್ಕೆ 168 ಗಂಟೆ. ಹಗಲು ರಾತ್ರಿ ಒಂದು ನಿಮಿಷವೂ ನಿಲ್ಲಿಸದೆ ಓಡಿಸಿದರೂ 5,000 ಅಂದರೆ ಎರಡು ನಿಮಿಷಕ್ಕೊಂದು ಕಾರು. ಯಾವ ಲೈನೂ ಹಾಗೆ ನಿಲ್ಲದೆ ಓಡುವುದಿಲ್ಲ. ಬಿಡದಿಯಲ್ಲಿ ನಮ್ಮ ಲೈನಿನ ತಲೆಯ ಮೇಲೆ ಒಂದು ಹಗ್ಗ ಇತ್ತು. ಸೀಟಿನ ಬಟ್ಟೆ ಸುಕ್ಕಾದರೆ, ಬೋಲ್ಟ್ ಹಿಡಿಯದಿದ್ದರೆ, ಅಲ್ಲಿ ನಿಂತ ಹುಡುಗ ಹಗ್ಗ ಎಳೆಯುತ್ತಿದ್ದ. ಹಳದಿ ದೀಪ ಹತ್ತಿಕೊಂಡು ಸ್ಪೀಕರಿನಲ್ಲಿ ಟೊಂಯ್ ಟೊಂಯ್ ಅಂತ ಒಂದು ಟ್ಯೂನ್ ಶುರುವಾಗುತ್ತಿತ್ತು. ಸೂಪರ್‌ವೈಸರ್ ಓಡಿ ಬರಬೇಕು. ಅಷ್ಟರಲ್ಲಿ ಸರಿಹೋಗದಿದ್ದರೆ ದೀಪ ಕೆಂಪಾಗಿ ಲೈನ್ ನಿಲ್ಲುತ್ತದೆ. ಆ ಟ್ಯೂನ್ ನನಗೆ ರಾತ್ರಿ ನಿದ್ದೆಯಲ್ಲೂ ಕೇಳಿಸುತ್ತಿತ್ತು. ಅದೇ ಪದ್ಧತಿಯನ್ನು ಟೊಯೋಟಾ ಅಮೆರಿಕದವರಿಗೆ ಕಲಿಸಿದ್ದು ಇದೇ ಫ್ರೀಮಾಂಟ್‌ನ ಕಟ್ಟಡದಲ್ಲಿ.

ಲೈನಿನಲ್ಲಿ ಐವತ್ತು ಕಡೆ ಕೆಲಸ ಸಲೀಸಾಗಿ ಆಗುತ್ತಿರಬಹುದು. ಒಂದು ಕಡೆ ನಿಧಾನವಾದರೆ ಇಡೀ ಲೈನಿನ ವೇಗ ಅಷ್ಟೇ. ಟೆಸ್ಲಾದಲ್ಲಿ ಒಂದು ರೋಬೋ ಇತ್ತು. ಅದರ ಕೆಲಸ ಬ್ಯಾಟರಿ ಪ್ಯಾಕಿನ ಮೇಲೆ ಗಾಜಿನ ನಾರಿನ ಮೆತ್ತನೆ ಹಾಸು ಇಡುವುದು. ಮೆತ್ತನೆ ವಸ್ತು ಎತ್ತಲು ರೋಬೋಗೆ ಬರುವುದಿಲ್ಲ. ಮನುಷ್ಯರ ಬೆರಳಿಗೆ ಅದೇನು ದೊಡ್ಡ ಕೆಲಸ ಅಲ್ಲ. ಕೊನೆಗೆ ಈ ಹಾಸು ಯಾಕೆ ಬೇಕು ಅಂತ ಪರೀಕ್ಷೆ ಮಾಡಿದರೆ, ಇದ್ದರೂ ಇಲ್ಲದಿದ್ದರೂ ಕಾರಿನೊಳಗಿನ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ! ಹಾಸು, ರೋಬೋ ಎರಡನ್ನೂ ಕಿತ್ತು ಹಾಕಿದರು. ಅತಿಯಾದ ಯಾಂತ್ರೀಕರಣ ತನ್ನ ತಪ್ಪು ಅಂತ ಏಪ್ರಿಲ್‌ನಲ್ಲಿ ಮಸ್ಕ್ ತಾನೇ ಬರೆದಿದ್ದ.

"ಹಂಗಾದ್ರೆ ಈಗ ಸರಿ ಹೋಯ್ತಲ್ಲ?" ಮೈಸೂರಿನವನ ಪ್ರಶ್ನೆ.

"ಒಂದು ವಾರ ಎಲ್ಲರನ್ನೂ ನಿಲ್ಲಿಸಿ ದುಡಿಸಿ 5,000 ಮಾಡೋದು ಬೇರೆ. ಮುಂದಿನ ವಾರ, ಅದರ ಮುಂದಿನ ವಾರ ಮಾಡೋದು ಬೇರೆ. ಬಿಡದಿಯಲ್ಲಿ ಮಾರ್ಚ್ ಕೊನೆಗೆ ನಾವೂ ಮಾಡ್ತಿದ್ವಿ. ಏಪ್ರಿಲ್ ಮೊದಲ ವಾರ ಲೈನ್ ಹೇಗಿರುತ್ತಿತ್ತು ಅಂತ ಕೇಳಬೇಡ," ಅಂದೆ.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅಕ್ಕ ಆಗ ಬಾಯಿ ಬಿಟ್ಟರು. ನಮ್ಮ ಗುಂಪಿನ ಹಿರಿಯರು, ಲೆಕ್ಕಪತ್ರದ ಕೆಲಸದವರು. ಅವರಿಗೆ ಟೆಂಟೂ ಬೇಡ, ಕಾರೂ ಬೇಡ. ಅವರ ಕಣ್ಣು ಇದ್ದದ್ದು 359.87 ಅನ್ನುವ ಒಂದು ನಂಬರಿನ ಮೇಲೆ.

"2019ರ ಮಾರ್ಚ್ ಒಂದಕ್ಕೆ 92 ಕೋಟಿ ಡಾಲರ್ ಸಾಲ ತೀರಬೇಕು ಕಣ್ರೋ. ಷೇರು 359.87 ಡಾಲರ್ ಮೇಲಿದ್ರೆ ಸಾಲ ಕೊಟ್ಟವರು ಷೇರು ತಗೊಳ್ಳಬಹುದು. ಕೆಳಗಿದ್ರೆ ಕಂಪನಿ ನಗದು ಎಣಿಸಬೇಕು. ಕಾರು ಹೊರಗೆ ಬಂದರೆ ನಗದು. ಬರದಿದ್ರೆ ಎಲ್ಲಿಂದ ತರ್ತಾರೆ? ಮೇ ತಿಂಗಳಲ್ಲಿ ದುಡ್ಡಿನ ಪ್ರಶ್ನೆ ಕೇಳಿದವನಿಗೆ ಮಸ್ಕ್ ಬೋರಿಂಗ್ ಅಂತ ಹೇಳಿ ಮುಂದೆ ಹೋದ. ಮಾರನೇ ದಿನ ಷೇರು ಶೇಕಡ ಐದು ಬಿತ್ತು, ಅಲ್ವಾ?"

ನನಗೆ ಅವತ್ತು ಆ ಹಿತ್ತಲಲ್ಲಿ ಕೇಳಿದ್ದರಲ್ಲಿ ಅತಿ ಸರಳವಾದ ಮಾತು ಅದೇ ಅನ್ನಿಸಿತು. ಲೈನ್ ತಡವಾಗುವುದು ನಮ್ಮಂಥವರಿಗೆ ದಿನಾ ಇರುವ ಸಂಗತಿ. ಅದಕ್ಕೆ ಯಾರೂ ಸಾಯುವುದಿಲ್ಲ. ಆದರೆ ಸಾಲದ ದಿನಾಂಕ ಲೈನಿಗೋಸ್ಕರ ಕಾಯುವುದಿಲ್ಲ.

ಸೋಮವಾರ ಆರೂವರೆಗೆ ನಾನೂ ಎದ್ದಿದ್ದೆ, ಕುತೂಹಲಕ್ಕೆ. ಶುಕ್ರವಾರ 342.95 ಡಾಲರಿಗೆ ನಿಂತಿದ್ದ ಷೇರು ತೆರೆದ ಕೂಡಲೇ ಜಿಗಿಯಿತು. ಮೈಸೂರಿನವನಿಂದ ವಾಟ್ಸಾಪ್‌ನಲ್ಲಿ ರಾಕೆಟ್‌ಗಳ ಸಾಲು. ಕಂಪನಿಯೂ ಲೆಕ್ಕ ಬಿಟ್ಟಿತು. ಆ ಕೊನೆಯ ವಾರ 5,031 ಮಾಡೆಲ್ 3, ಅದರಲ್ಲಿ ಶೇಕಡ 20ರಷ್ಟು ಟೆಂಟಿನಿಂದಲೇ. ಹತ್ತು ಗಂಟೆಯ ಹೊತ್ತಿಗೆ ರಾಕೆಟ್ ನಿಂತವು. ಪೇಟೆ ಮುಚ್ಚುವಾಗ 335.07. ಗುರಿ ಮುಟ್ಟಿದ ದಿನ ಷೇರು ಶೇಕಡ ಎರಡಕ್ಕಿಂತ ಜಾಸ್ತಿ ಇಳಿದಿತ್ತು. ಮಂಗಳವಾರ, ಸ್ವಾತಂತ್ರ್ಯ ದಿನದ ಹಿಂದಿನ ಅರ್ಧ ದಿನದ ಪೇಟೆಯಲ್ಲಿ, ಇನ್ನೂ ಶೇಕಡ ಏಳು ಬಿದ್ದು 310.86ಕ್ಕೆ ಬಂತು.

"ಗುರಿ ಮುಟ್ಟಿದ್ರೂ ಬೀಳತ್ತೆ ಅಂದ್ರೆ ಇದೇನು ನ್ಯಾಯ?" ಅಂತ ಮೈಸೂರಿನವನು ಫೋನ್ ಮಾಡಿದ. ನ್ಯಾಯದ ಮಾತೇ ಅಲ್ಲ. ಜೂನ್ 5ರ ಷೇರುದಾರರ ಸಭೆಯಲ್ಲಿ ಮಸ್ಕ್ ಗುರಿ ಮುಟ್ಟಬಹುದು ಅಂದ ಮಾರನೇ ದಿನವೇ ಷೇರು ಶೇಕಡ ಒಂಬತ್ತಕ್ಕಿಂತ ಜಾಸ್ತಿ ಏರಿತ್ತು. ಆ ಖುಷಿಗೆ ಆಗಲೇ ದುಡ್ಡು ಕೊಟ್ಟಾಗಿತ್ತು. ಈಗ ಎಲ್ಲರೂ ಮುಂದಿನ ವಾರದ ಬಗ್ಗೆ ಕೇಳುತ್ತಿದ್ದರು.

ಮುಂದಿನ ವಾರಗಳ ಲೆಕ್ಕ ಅಕ್ಟೋಬರಿನಲ್ಲಿ ಬಂತು. ಮೂರು ತಿಂಗಳಿಗೆ 53,239 ಮಾಡೆಲ್ 3. ವಾರಕ್ಕೆ ಹಂಚಿದರೆ 4,100ರ ಆಸುಪಾಸು. ಹಿಂದಿನ ಮೂರು ತಿಂಗಳಲ್ಲಿ ಆಗಿದ್ದು 28,578. ನನ್ನ ಕಣ್ಣಿಗೆ ದೊಡ್ಡ ಸಾಧನೆ ಇದು, ಆ ಒಂದು ವಾರದ 5,031 ಅಲ್ಲ. ಲೈನ್ ಹದಕ್ಕೆ ಬಂದಿತ್ತು. ಆದರೆ ಆ ಮೂರು ತಿಂಗಳಲ್ಲಿ ಷೇರನ್ನು ಕುಣಿಸಿದ್ದು ಲೈನ್ ಅಲ್ಲವೇ ಅಲ್ಲ. ಆಗಸ್ಟ್ 7ರಂದು ಷೇರಿಗೆ 420 ಡಾಲರಿನಂತೆ ಕಂಪನಿಯನ್ನು ಪೇಟೆಯಿಂದ ಹೊರತರುವ ಯೋಚನೆ ಇದೆ, ದುಡ್ಡಿನ ವ್ಯವಸ್ಥೆ ಆಗಿದೆ ಅಂತ ಮಸ್ಕ್‌ನ ಒಂದು ಟ್ವೀಟ್. ಶೇಕಡ 11 ಮೇಲೆ. ಸೆಪ್ಟೆಂಬರ್ ಕೊನೆಗೆ ಅದೇ ಟ್ವೀಟಿನ ಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕರು ಕೇಸ್ ಹಾಕಿದರು. ಒಂದೇ ದಿನ ಶೇಕಡ 14ರಷ್ಟು ಕೆಳಗೆ. ಇವಕ್ಕೂ ಟೆಂಟಿನಲ್ಲಿ ರಾತ್ರಿ ಪಾಳಿ ಮಾಡುವವನಿಗೂ ಏನು ಸಂಬಂಧ ಹೇಳಿ.

ಆ ಮೂರು ತಿಂಗಳಿಗೆ ಕಂಪನಿ 31 ಕೋಟಿ ಡಾಲರ್ ಲಾಭವನ್ನೂ ತೋರಿಸಿತು. ಹುಬ್ಬಳ್ಳಿಯವನ ಪುಟ್‌ಗಳಿಗೆ ಬೆಲೆಯೇ ಇಲ್ಲದಂತಾಯಿತು. ಕೆಲವು ದಿನ ಅವನು ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕುತ್ತಿದ್ದ.

2019ರ ಮಾರ್ಚ್ 1 ಬಂದಾಗ ಷೇರು 359.87ರ ಕೆಳಗೇ ಇತ್ತು. ಕಂಪನಿ 92 ಕೋಟಿ ಡಾಲರನ್ನು ನಗದಾಗಿ ಕೊಟ್ಟು ಸಾಲ ತೀರಿಸಿತು. "ಕಟ್ಟಿದರು ಕಣ್ರೋ" ಅಂತ ಅಕ್ಕ ಒಂದು ಸಾಲು ಹಾಕಿದರು. ಅದೇ ದಿನ ಷೇರು ಶೇಕಡ ಏಳಕ್ಕಿಂತ ಜಾಸ್ತಿ ಬಿತ್ತು. ಈ ಮೂರು ತಿಂಗಳು ಲಾಭ ಬರುವುದಿಲ್ಲ ಅಂತ ಹಿಂದಿನ ದಿನ ಮಸ್ಕ್ ಹೇಳಿದ್ದೇ ಸಾಕಾಗಿತ್ತು. ಹುಬ್ಬಳ್ಳಿಯವನು ಅಷ್ಟರಲ್ಲಿ ಉಳಿದ ಪುಟ್‌ಗಳನ್ನೂ ಮಾರಿ ಕೈ ತೊಳೆದುಕೊಂಡಿದ್ದ.